ತಪಾಸಣೆಯ ಮಂಚಗಳು

ಸರ್ಕಾರದ ಕುರ್ಚಿಗೆ ಕಾಲಿವೆ, ಆದರೆ ಅದು ನಡೆಯುವುದಿಲ್ಲ ಎಂದು ನಂಬಿದವರು ಗದಗಿನ ಆ ಕಚೇರಿಯಲ್ಲಿ ಒಂದು ವರ್ಷ ಕೆಲಸ ಮಾಡಿ ನೋಡಬೇಕು. ಕುರ್ಚಿ ನಡೆಯುತ್ತದೆ. ಮೇಜು ನಡೆಯುತ್ತದೆ. ಸಾಹೇಬರಿಗೆ ವರ್ಗವಾದ ವಾರದಲ್ಲಿ ಛತ್ತಿನ ಫ್ಯಾನು ಕೂಡ ಕೆಳಗಿಳಿದು ಅವರ ಹಿಂದೆಯೇ ಹೊರಟುಬಿಡುತ್ತದೆ.

ಹೀಗೆ ನಡೆದಾಡುವ ಸಾಮಾನುಗಳ ಬೆನ್ನು ಹತ್ತುವುದು ಅನುರಾಧಾಳ ಕೆಲಸ. ಕಾಗದದ ಮೇಲೆ ಅದಕ್ಕೆ ಆಸ್ತಿ ನಿರ್ವಹಣಾ ಶಾಖೆ ಎಂಬ ಘನವಾದ ಹೆಸರಿದೆ, ಅವಳು ಅದರ ಮೇಲ್ವಿಚಾರಕಿ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ತಾಲೂಕುಗಳಲ್ಲಿ ಇಲಾಖೆಗೆ ಸೇರಿದ ಕಟ್ಟಡ, ಖಾಲಿ ಜಾಗ, ಜೀಪು, ಕಪಾಟು, ನೀರಿನ ಟಾಕಿ ಇರಬೇಕಾದಲ್ಲಿ ಇವೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಬೇಕು. ನೋಡುವುದಕ್ಕೆ ಯಾರ ತಕರಾರೂ ಇರಲಿಲ್ಲ. ಕೇಳುವುದರಿಂದಲೇ ಅವಳಿಗೆ ವೈರಿಗಳು ಹುಟ್ಟಿಕೊಂಡದ್ದು.

ಮುಂಡರಗಿಯಲ್ಲಿ ಮೊದಲ ನೌಕರಿಗೆ ಸೇರಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ‘ಸುಸ್ಥಿತಿಯಲ್ಲಿದೆ’ ಎಂದು ವರ್ಷ ವರ್ಷವೂ ಬರೆಯುತ್ತಿದ್ದ ಜೀಪಿನ ಬಾನೆಟ್ ಎತ್ತಿದರೆ ಒಳಗೆ ಇಂಜಿನ್ನಿನ ಜಾಗದಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅಲ್ಲಿನ ಹಿರಿಯ ಗುಮಾಸ್ತ ನಕ್ಕು, "ಬಿಡ್ರಿ ಬಾಯಾರ, ಸರ್ಕಾರದ್ದು. ನಮ್ಮಪ್ಪಂದೇನು?" ಅಂದ. "ನಿಮ್ಮಪ್ಪಂದಲ್ಲ ಅಂತನ ಕೇಳಾಕತ್ತೇನ್ರಿ" ಅಂದಳು ಈ ಹುಡುಗಿ. ಅಂದಿನಿಂದ ಅವಳಿಗೆ ‘ನಂಬರಬಾಯಿ’ ಎಂದು ಹೆಸರು ಬಿತ್ತು. ಕಂಡಕಂಡ ಸಾಮಾನಿಗೆಲ್ಲ ಬಿಳಿ ಬಣ್ಣದಲ್ಲಿ ನಂಬರು ಬರೆಸುವವಳು ಎಂಬ ಕುಚೋದ್ಯ. ಈಗ ಐವತ್ತು ದಾಟಿದರೂ ಆ ಹೆಸರು ಹೋಗಿಲ್ಲ, ಆ ಸಿಟ್ಟೂ ಹೋಗಿಲ್ಲ.

ಆದರೆ ಬಣ್ಣದ ನಂಬರಿನ ಮೇಲೆ ಸ್ವತಃ ಅವಳಿಗೇ ನಂಬಿಕೆ ಇರಲಿಲ್ಲ. ಅವಳ ಅಪ್ಪ ಗೋಪಣ್ಣ ಬೆಟಗೇರಿಯ ನೇಕಾರ. ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ, ಕುಣಿಯೊಳಗೆ ಕಾಲು ಬಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಲಾಳಿ ಓಡಿಸುವ ಅಪ್ಪ. ಸೀರೆ ಮುಗಿಯುವಾಗ ಅವನು ಕಟ್ಟಕಡೆಯ ಅಂಚಿನಲ್ಲಿ, ಉಟ್ಟವರಿಗೂ ಕಾಣದ ಜಾಗದಲ್ಲಿ, ಬೇರೆ ಬಣ್ಣದ ಎರಡು ಎಳೆ ಹಾಕುತ್ತಿದ್ದ. ಅದು ಆ ಮನೆಯ ಗುರುತು. ಒಮ್ಮೆ ಪೇಟೆಯ ವ್ಯಾಪಾರಿ ಗೋಪಣ್ಣನ ಸೀರೆಯನ್ನು ಬೇರೆಯವರದೆಂದು ಸಾಧಿಸಲು ಹೊರಟಾಗ ಅಪ್ಪ ಸುಮ್ಮನೆ ಅಂಚು ಮಗುಚಿ ತೋರಿಸಿ ಮನೆಗೆ ಬಂದಿದ್ದ. "ಮ್ಯಾಲ ಬರದದ್ದು ಅಳಿಸಿ ಹೋಗತೈತಿ ತಂಗಿ. ಒಳಗ ನೇಯ್ದದ್ದು ಹೋಗಂಗಿಲ್ಲ" ಎಂದು ಮಗಳಿಗೆ ಹೇಳಿದ್ದ.

ಆ ಮಾತನ್ನು ಅನುರಾಧಾ ಸರ್ಕಾರಿ ಸಾಮಾನಿಗೆ ತಂದಳು. ಎಲ್ಲರಿಗೂ ಕಾಣುವ ಕಡೆ ಬಿಳಿ ನಂಬರು. ಯಾರೂ ಕೈ ಹಾಕದ ಒಳಮೈಯಲ್ಲಿ, ಚಾಣ ಹಿಡಿದು ಸುತ್ತಿಗೆಯಿಂದ ಹೊಡೆದ ಎರಡು ಗೀಟು. ಬೆಟಗೇರಿಯ ವೆಲ್ಡಿಂಗ್ ಅಂಗಡಿಯ ಶಕೀಲ ಈ ಗೀಟು ಹಾಕಿಕೊಡುತ್ತಿದ್ದ. ಕಚೇರಿಯಲ್ಲಿ ಇದನ್ನು ಯಾರಿಗೂ ಹೇಳಲು ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ.

ಶಿರಹಟ್ಟಿಯಾಚೆ ಇಲಾಖೆಯದೊಂದು ಹೆಣ್ಣುಮಕ್ಕಳ ವಸತಿನಿಲಯವಿದೆ. ಸುತ್ತಲ ಹಳ್ಳಿಗಳ ಹುಡುಗಿಯರು ಅಲ್ಲಿದ್ದು ಶಾಲೆ ಕಲಿಯುತ್ತಾರೆ. ಮೊದಲು ಎಲ್ಲರೂ ಬಂಡೆಗಲ್ಲಿನ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಒಂದು ಮಳೆಗಾಲ ಹನಮವ್ವ ಎಂಬ ಹುಡುಗಿಗೆ ಮಲಗಿದಲ್ಲೇ ಚೇಳು ಕಡಿಯಿತು. ಆ ಕೂಸು ಉಳಿದದ್ದೇ ಹೆಚ್ಚು. ಅದನ್ನು ಕೇಳಿದ ಮೇಲೆ ಅನುರಾಧಾ ಊಟ ನಿದ್ದೆ ಬಿಟ್ಟವಳಂತೆ ಮೇಲಿನವರ ಬೆನ್ನು ಬಿದ್ದು, ಬೈಸಿಕೊಂಡು, ಮತ್ತೆ ಹೋಗಿ ನಿಂತು, ಪ್ರತಿ ಹುಡುಗಿಗೊಂದು ಕಬ್ಬಿಣದ ಮಂಚ ಮಂಜೂರು ಮಾಡಿಸಿದಳು. ಕಾಲು ಬಿಚ್ಚಿ ಜೋಡಿಸುವಂಥ, ಹಲಗೆ ಹಾಕಿದ ಗಟ್ಟಿ ಮಂಚಗಳು. ಮಾಡಿದವನೂ ಶಕೀಲನೇ. ತಲೆದೆಸೆಯ ಪಟ್ಟಿಯ ಒಳಗೆ ಎರಡು ಗೀಟು ಹೊಡೆದವನೂ ಅವನೇ.

ಕಳೆದ ಚಳಿಗಾಲ ಅಲ್ಲಿಗೆ ತಪಾಸಣೆಗೆ ಹೋದಾಗ ಅವಳಿಗೆ ಕಣ್ಣು ತಂಪಾಗಿತ್ತು. ಸಾಲಾಗಿ ಮಂಚ, ಮಂಚದ ಮೇಲೆ ಮಡಿಕೆ ಮುರಿಯದ ಹೊಸ ಚಾದರ, ಪ್ರತಿ ಮಂಚದ ತಲೆದೆಸೆಗೆ ಸಮವಸ್ತ್ರ ತೊಟ್ಟು ಕೈ ಮುಗಿದು ನಿಂತ ಹುಡುಗಿ. ಜೊತೆಗೆ ಬಂದಿದ್ದ ಅವಳ ಮೇಲಧಿಕಾರಿ ಅಜಯಕುಮಾರ ಸಾಹೇಬರು ವಾರ್ಡನ್ ಶಿವಲಕ್ಷ್ಮಿ ಮಾಡಿಸಿದ ಗಿರ್ಮಿಟ್ ಮಿರ್ಚಿ ತಿಂದು ಬಹಳ ಪ್ರಸನ್ನರಾಗಿದ್ದರು. ಅನುರಾಧಾ ಹನಮವ್ವನ ತಲೆ ಸವರಿ, "ಇವು ನಿಮ್ಮ ಮಂಚ ನೋಡ್ರಿ. ಇನ್ನ ಮ್ಯಾಲ ಯಾರೂ ನೆಲದ ಮ್ಯಾಲ ಮಲಗೂದಿಲ್ಲ. ಚಲೋ ಅದಾವಿಲ್ಲೋ?" ಎಂದು ಕೇಳಿದ್ದಳು.

"ಇವತ್ತ ಚಲೋ ಅದಾವ್ರಿ" ಅಂದಿತ್ತು ಹುಡುಗಿ.

ಶಿವಲಕ್ಷ್ಮಿ ದೊಡ್ಡದಾಗಿ ನಕ್ಕಳು, ಸಾಹೇಬರೂ ನಕ್ಕರು. ಅನುರಾಧಾಳೂ ನಕ್ಕು ಸಹಿ ಹಾಕಿ ಬಂದಳು. ಹುಡುಗಿ ಹೇಳಿದ್ದು ನಗುವ ಮಾತಲ್ಲ ಎಂದು ತಿಳಿಯಲು ಅವಳಿಗೆ ಒಂದು ಮದುವೆ ಬರಬೇಕಾಯಿತು.

ಆ ಮದುವೆ ಅವಳ ತಮ್ಮ ಸುನಿಲಕುಮಾರನ ಮಗಳು ರೋಹಿಣಿಯದು. ಬೀಗರು ಲಕ್ಷ್ಮೇಶ್ವರದವರು. ಮದುವೆ ತಮ್ಮ ಊರಲ್ಲೇ ಆಗಬೇಕು, ಏರ್ಪಾಡು ಮಾತ್ರ ಹೆಣ್ಣಿನವರು ಮಾಡಬೇಕು ಎಂಬುದು ಅವರ ಹಟ. ಸುನಿಲ ಮೆತ್ತಗಿನ ಮನುಷ್ಯ, ಹೂಂ ಅಂದ. ಊರ ಸಾಹುಕಾರ ಹೊನ್ನೇಶನ ಕಲ್ಯಾಣಮಂಟಪ ಹಿಡಿದ. ಹೊನ್ನೇಶನೆಂದರೆ ಸಾಮಾನ್ಯನಲ್ಲ. ಎಲ್ಲ ಸಮಿತಿಗಳಲ್ಲೂ ಒಂದು ಕುರ್ಚಿ ಅವನದು, ಆ ವಸತಿನಿಲಯದ ಉಸ್ತುವಾರಿ ಸಮಿತಿಗೂ ಅವನೇ ಅಧ್ಯಕ್ಷ. ಮದುಮಗಳಿಗೆ ಕೊಡುವ ಮಂಚ, ಗಾದಿ, ಕಪಾಟು, ಪಾತ್ರೆಗಳನ್ನು ಬೆಟಗೇರಿಯಿಂದ ಶಕೀಲನೇ ತನ್ನ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಗೋಧಿ ಹುಗ್ಗಿಯ ಊಟವಾಯಿತು. ಬೀಗರಿಗೆಂದು ಮೀಸಲಾದ ದೊಡ್ಡ ಕೋಣೆಯಲ್ಲಿ ಸಾಲು ಮಂಚಗಳಿದ್ದವು. ಗಂಡಿನ ತಾಯಿ ಬನಶಂಕರೆವ್ವ, ಅವಳ ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಬಾಯಲ್ಲಿ ಎಲೆ ಅಡಿಕೆ ಇರುವಾಗಲೇ ಒರಗಿ ಗೊರಕೆ ಹಚ್ಚಿದ್ದರು. ಬೆಳಗಿನಿಂದ ನಿಂತು ಸೊಂಟ ಹಿಡಿದಿದ್ದ ಅನುರಾಧಾಳೂ ಮೂಲೆಯ ಮಂಚದಲ್ಲಿ ಮೈ ಚೆಲ್ಲಿದಳು. ಮಂಚಕ್ಕೆ ಕೆಂಪು ಬಣ್ಣ, ಹೊಸದಾಗಿ ಬಳಿದದ್ದು. ಮಗ್ಗುಲಾಗಲು ತಲೆದೆಸೆಯ ಪಟ್ಟಿ ಹಿಡಿದಾಗ ಬೆರಳಿಗೆ ಏನೋ ತಾಗಿತು.

ಒಂದು ಗೀಟು. ಅದರ ಪಕ್ಕ ಇನ್ನೊಂದು.

ಕೈ ತೆಗೆದಳು. ಮತ್ತೆ ಇಟ್ಟಳು. ಸಂಶಯಕ್ಕೆ ಜಾಗವೇ ಇರಲಿಲ್ಲ. ಎದ್ದು ಪಕ್ಕದ ಮಂಚಕ್ಕೆ ಹೋಗಿ, ಮಲಗಿದ್ದವರ ತಲೆಯ ಕೆಳಗೆ ಮೆಲ್ಲಗೆ ಕೈ ತೂರಿಸಿದಳು. ಅಲ್ಲೂ ಎರಡು. ಅದರಾಚೆಯದು, ಅದರಾಚೆಯದು. ‘ಇವತ್ತ ಚಲೋ ಅದಾವ್ರಿ’ ಎಂಬ ಮಾತು ಈಗ ಅರ್ಥವಾಯಿತು. ತಪಾಸಣೆಯ ದಿನ ಮಂಚ ಬರುತ್ತವೆ, ಅವಳು ಸಹಿ ಹಾಕಿ ಹೋದ ಮೇಲೆ ಮಂಚ ಹೊರಡುತ್ತವೆ. ಮುಂಡರಗಿಯ ಕೋಳಿಗೂ ಮೋಸಹೋಗದವಳು ಇಲ್ಲಿ ಗಿರ್ಮಿಟ್ ತಿಂದು ಕಣ್ಣಿಗೆ ಮಣ್ಣು ಹಾಕಿಸಿಕೊಂಡು ಬಂದಿದ್ದಳು.

ಬನಶಂಕರೆವ್ವನ ತಲೆಗಿಂಬಿನ ಕೆಳಗೆ ಕೈ ಹೋದಾಗ ಆಕೆ ಕಣ್ಣು ಬಿಟ್ಟಳು. "ಏನ ಹುಡುಕಾಕತ್ತೀರ್ರಿ ಬೀಗರ, ನನ್ನ ತಲಿಬುಡಕ?"

"ಮಲಕೋರ್ರಿ, ಈಗ ಬಂದೆ" ಎಂದು ಅನುರಾಧಾ ಹೊರಬಿದ್ದಳು.

ಹೊನ್ನೇಶ ಮಂಟಪದ ಬಾಗಿಲಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದ. ಕೇಳಿದ್ದಕ್ಕೆ ಅವನು ಹೌಹಾರಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಅದೇ ಅವಳ ಹೊಟ್ಟೆಗೆ ಬೆಂಕಿ ಹಚ್ಚಿದ್ದು.

"ಹೌದ್ರಿ ಬಾಯಾರ, ಅವ ಮಂಚ. ಅಲ್ಲಿದ್ರ ಜಂಗು ಹಿಡದು ಹಾಳಾಗ್ತಿದ್ವು. ನಾ ಬಣ್ಣ ಹಚ್ಚಿಸಿ ಜ್ವಾಪಾನ ಮಾಡೇನಿ. ನೀವು ನೋಡಾಕ ಬಂದ ದಿನ ನಾನ ಟ್ರ್ಯಾಕ್ಟರ್ ಕೊಟ್ಟು ಕಳಸಿರಲಿಲ್ಲೇನು? ಒಂದರ ಕಡಿಮಿ ಇತ್ತೇನು?"

"ಹುಡುಗ್ಯಾರು ನೆಲದ ಮ್ಯಾಲ ಮಲಗತಾರ್ರಿ!"

"ಹಳ್ಳಿ ಹುಡುಗ್ಯಾರು. ಮನ್ಯಾಗೂ ನೆಲಾನ ಅಲ್ಲೇನ್ರಿ? ಮಂಚದ ಮ್ಯಾಲ ಮಲಗಿಸಿದ್ರ ನಿದ್ದಿ ಬರೂದಿಲ್ಲ ಅವಕ್ಕ."

ಬೇಲಿಯೇ ಎದ್ದು ಹೊಲ ಮೇಯುವುದನ್ನು ಅನುರಾಧಾ ನೌಕರಿಯುದ್ದಕ್ಕೂ ಕಂಡಿದ್ದಳು. ಮೇಯ್ದ ಬೇಲಿ ಹೀಗೆ ಹೊಲಕ್ಕೇ ಉಪಕಾರ ಮಾಡಿದೆನೆಂದು ಮೀಸೆ ತಿರುವಿದ್ದು ಇದೇ ಮೊದಲು. ಅಲ್ಲಿಂದಲೇ ಅಜಯಕುಮಾರ ಸಾಹೇಬರಿಗೆ ಫೋನು ಹಚ್ಚಿದಳು. ಸಾಹೇಬರು ಊಟದ ಮೇಲಿದ್ದರು.

"ಸೋಮವಾರ ನೋಡೋಣ್ರಿ. ನೋಟಿಸ್ ಕೊಡೋಣ. ಹೊನ್ನೇಶ ಅವರು ದೊಡ್ಡ ಮನುಷ್ಯಾರು, ಅವಸರ ಬ್ಯಾಡ."

"ಸೋಮವಾರದ ಮಟ ಅವು ಇಲ್ಲಿರ್ತಾವೇನ್ರಿ ಸರ್?"

"ನೋಡ್ರಿ, ಆರ್ಡರ್ ಇಲ್ದ ನೀವ ಎತ್ತಿಸಿದ್ರ ನೋಟಿಸ್ ಅವ್ರಿಗಲ್ಲ, ನಿಮಗ ಬರತೈತಿ. ಆಮ್ಯಾಲ ನನ್ನ ಅನಬ್ಯಾಡ್ರಿ." ಫೋನು ಇಟ್ಟರು.

ಕಳವಿನ ಮಾಲು ಕಣ್ಣೆದುರಿಗಿದೆ, ಕದ್ದವನು ಕುರ್ಚಿಯಲ್ಲಿದ್ದಾನೆ, ನೋಟಿಸು ಮಾತ್ರ ಹಿಡಿದವಳಿಗೆ! ಸೋಮವಾರ ಯಾರಾದರೂ ಬಂದು ನೋಡಿದರೆ ಈ ಕೋಣೆಯಲ್ಲಿ ಜಮಖಾನೆ ಇರುತ್ತದೆ, ಮಂಚಗಳು ಮತ್ತಾವುದೋ ಊರಿನ ಮಂಟಪದಲ್ಲಿ ಹಸಿರು ಬಣ್ಣ ಬಳಿದುಕೊಂಡು ನಿಂತಿರುತ್ತವೆ. ಎತ್ತಿದರೆ ಈಗಲೇ ಎತ್ತಬೇಕು. ಎತ್ತಬೇಕಾದರೆ ಬೀಗರನ್ನು ಎಬ್ಬಿಸಬೇಕು.

ಎಬ್ಬಿಸುವ ಮಾತು ಕೇಳಿ ಸುನಿಲನ ಮುಖ ಬಿಳಿಚಿಹೋಯಿತು. ಬೀಗರ ಎಲೆಯಲ್ಲಿ ಉಪ್ಪು ಹೆಚ್ಚಾದರೇ ಮೂರು ತಲೆಮಾರು ಆಡಿಕೊಳ್ಳುವ ಕಡೆ, ಮಲಗಿದ ಬೀಗರ ಕೆಳಗಿಂದ ಮಂಚ ಎಳೆಯುವುದೆಂದರೇನು? ಅವನು ಅಕ್ಕನ ಕೈ ಹಿಡಿದುಕೊಂಡ.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ. ಇವತ್ತೊಂದಿನ ಸುಮ್ನಿರು. ರೋಹಿಣಿ ಇನ್ನ ಅವರ ಹೊಸ್ತಲಾ ತುಳದಿಲ್ಲ. ನಾಳಿ ಅವರು ಆಕಿನ್ನ ಏನಂದಾರು? ನಿನಗ ನೌಕರಿ ದೊಡ್ಡದೋ, ಮಗಳು ದೊಡ್ಡಾಕಿನೋ?"

ಅನುರಾಧಾಳಿಗೆ ಮಕ್ಕಳಿಲ್ಲ. ರೋಹಿಣಿಯನ್ನು ಎತ್ತಿ ಆಡಿಸಿದ್ದು ಅವಳೇ, ಜಡೆ ಹೆಣೆದದ್ದು ಅವಳೇ. ಮಂಟಪದ ನಡುವೆ ಬಾಸಿಂಗ ಕಟ್ಟಿಕೊಂಡು ಗೆಳತಿಯರ ಜೊತೆ ನಗುತ್ತಿದ್ದ ಹುಡುಗಿಯ ಕಡೆ ನೋಡಿದಳು, ಕಾಲು ಹಿಂದೆಗೆಯಿತು. ಸುಮ್ಮನಾಗಿಬಿಡಲೇ ಎಂದು ಒಂದು ಗಳಿಗೆ ಖರೆಯೇ ಅನ್ನಿಸಿತು. ಊರೆಲ್ಲ ಸುಮ್ಮನಿದೆ, ಸಾಹೇಬರು ಸುಮ್ಮನಿದ್ದಾರೆ, ತನಗೊಬ್ಬಳಿಗೇ ಯಾಕೆ ಈ ಉರಿ? ಆದರೆ ಸುಮ್ಮನಿದ್ದರೆ ಬರುವ ಚಳಿಗಾಲ ಮತ್ತೆ ಅಲ್ಲಿಗೆ ಹೋಗಬೇಕು, ಹನಮವ್ವ ಮತ್ತೆ ಕೈ ಮುಗಿದು ನಿಂತಿರುತ್ತಾಳೆ, ಮತ್ತೆ ಸಹಿ ಹಾಕಬೇಕು. ಈ ಸಲ ಗೊತ್ತಿದ್ದೂ ಹಾಕಬೇಕು.

ತಮ್ಮನ ಕೈ ಬಿಡಿಸಿಕೊಂಡು ಅವಳು ನೆಟ್ಟಗೆ ಕೋಣೆಗೆ ನಡೆದಳು. ಬನಶಂಕರೆವ್ವ ಎದ್ದು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳೆದುರು ನೆಲದ ಮೇಲೆ ಕೂತು ಅನುರಾಧಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಚೇಳಿನಿಂದ ಹಿಡಿದು ಚಾಣದ ಗೀಟಿನವರೆಗೆ.

ಬನಶಂಕರೆವ್ವನ ಕೈಯಲ್ಲಿನ ಎಲೆ ಅಲ್ಲೇ ನಿಂತಿತು. "ಅಂದ್ರ? ನಮ್ಮನ್ನ ಕಳವಿನ ಮಂಚದ ಮ್ಯಾಲ ಮಲಗಿಸೀರೇನು?"

ಬಾಗಿಲಲ್ಲಿದ್ದ ಸುನಿಲ ಗೋಡೆಗೆ ಒರಗಿಕೊಂಡ.

"ನಮ್ಮ ತಮ್ಮಗ ಗೊತ್ತಿರಲಿಲ್ಲರಿ. ನನಗೂ ಈಗ ಗೊತ್ತಾತು" ಅಂದಳು ಅನುರಾಧಾ. "ಬೈಯೂದಿದ್ರ ನನಗ ಬೈರಿ. ರೋಹಿಣಿಗೆ ಏನೂ ಅನಬ್ಯಾಡ್ರಿ."

"ನಿಮ್ಮನ್ಯಾಕ ಬೈಲ್ರಿ?" ಬನಶಂಕರೆವ್ವ ಎದ್ದು ನಿಂತಳು. ಆಕೆ ಎತ್ತರದ ಹೆಂಗಸು, ದನಿ ಅದಕ್ಕಿಂತ ಎತ್ತರ. "ನಾವು ಬಡವರಿರಬಹುದು, ಮಗ್ಗದ ಮಂದಿ. ಪರದೇಶಿ ಹುಡುಗ್ಯಾರ ಹಾಸಿಗಿ ಕಸಗೊಂಡು ಅದರ ಮ್ಯಾಲ ಮಲಗೂವಷ್ಟು ಗತಿಗೆಟ್ಟಿಲ್ಲ! ಏಳ್ರೇ, ಎಲ್ಲಾರೂ ಏಳ್ರಿ! ಎಲ್ಲದಾನ ಆ ಹೊನ್ನ್ಯಾ? ಬೀಗರಿಗೆ ಮರ್ಯಾದಿ ಮಾಡೂ ರೀತಿ ಏನ ಇದು?"

ಅವಳ ಸಿಟ್ಟು ಮೊದಲು ಹುಡುಗಿಯರಿಗಾಗಿ ಬಂತೋ ತನ್ನ ಬೀಗತನದ ಮಾನಕ್ಕಾಗಿ ಬಂತೋ, ಆ ದೇವರಿಗೇ ಗೊತ್ತು. ಅನುರಾಧಾಳಿಗೆ ಯಾವ ಸಿಟ್ಟಾದರೂ ನಡೆಯುತ್ತಿತ್ತು. ಗೊರಕೆ ಹೊಡೆಯುತ್ತಿದ್ದ ಅತ್ತಿಗೆ ನಾದಿನಿಯರು ದಿಗಿಲುಬಿದ್ದು ಎದ್ದರು, ಗಾದಿಗಳು ನೆಲಕ್ಕೆ ಬಿದ್ದವು. ಹೊನ್ನೇಶ ಗೇಟಿಗೆ ಬೀಗ ಹಾಕಿಸಲು ಕೈ ಮಾಡಿದ. ಅಷ್ಟರಲ್ಲಿ ಬನಶಂಕರೆವ್ವ ಸೆರಗು ಸಿಕ್ಕಿಸಿಕೊಂಡು ಅವನ ಮುಂದೆಯೇ ನಿಂತಿದ್ದಳು. ಸುತ್ತ ಮದುವೆಯ ಮಂದಿ ಎಲ್ಲ ನೆರೆದಿತ್ತು. ಸಾಹುಕಾರನಾದವನು ಕತ್ತಲೆಯಲ್ಲಿ ಏನನ್ನಾದರೂ ಕದ್ದಾನು, ಹಾಡಹಗಲು ಊರ ಹೆಂಗಸರ ಬಾಯಿಗೆ ಬೀಳಲಾರ. "ಒಯ್ರಿ, ಒಯ್ರಿ, ಯಾರು ಬ್ಯಾಡ ಅಂದಾರ?" ಎಂದು ನಗಲು ನೋಡಿದ, ನಗು ಬರಲಿಲ್ಲ.

ಅನುರಾಧಾ ಅಲ್ಲೇ ಕೂತು ಪಂಚನಾಮೆ ಬರೆದಳು. ಬೀಗರ ಹಿರಿಯರು ಅರಿಷಿಣ ಹತ್ತಿದ ಬೆರಳಲ್ಲೇ ಸಹಿ ಹಾಕಿದರು. ಶಕೀಲ ಪಾನಾ ಹಿಡಿದು ನಟ್ಟು ತಿರುವಿ ಮಂಚಗಳ ಕಾಲು ಬಿಚ್ಚತೊಡಗಿದ. ತಾನೇ ಹೊಡೆದ ಗೀಟು ಒಂದೊಂದಾಗಿ ಕೈಗೆ ಸಿಗುವಾಗ ಅವನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಮದುಮಗಳ ಮಂಚ ತಂದ ಟೆಂಪೋದಲ್ಲೇ ಹುಡುಗಿಯರ ಮಂಚಗಳನ್ನು ಹೇರಿದರು. ಹೊರಡುವಾಗ ರೋಹಿಣಿ ಟೆಂಪೋದ ಹತ್ತಿರ ಬಂದು, "ಅತ್ತೀ, ನನ್ನ ಕಳಸಾಕ ಇರೂದಿಲ್ಲೇನು?" ಅಂದಳು. ಅನುರಾಧಾ ಅವಳ ಗಲ್ಲ ಹಿಡಿದು, "ನಾಳಿ ಬರ್ತೇನವ್ವಾ" ಎಂದು ಟೆಂಪೋ ಹತ್ತಿದಳು.

ವಸತಿನಿಲಯ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಶಿವಲಕ್ಷ್ಮಿ ಬಾಗಿಲಿಗೆ ಬಂದವಳು ಟೆಂಪೋದ ಹಿಂದೆ ಅನುರಾಧಾಳನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. "ಬಾಯಾರ, ನನ್ನ ತಪ್ಪಿಲ್ಲರಿ. ಅಧ್ಯಕ್ಷರು ಹೇಳಿದ್ರ ನಾ ಏನ ಮಾಡ್ಲಿ? ನನ್ನ ನೌಕರಿ ಕಾಯಂ ಇಲ್ಲರಿ..."

"ನಿಮ್ಮ ಕೂಡ ಆಮ್ಯಾಲ ಮಾತಾಡ್ತೇನಿ. ಮೊದಲ ಕೈ ಹಚ್ಚರಿ" ಅಂದಳು ಅನುರಾಧಾ.

ಕಾಲು ಜೋಡಿಸಿ ಮಂಚಗಳನ್ನು ಸಾಲಿಗಿಡುವುದರಲ್ಲಿ ಅವಳು ಬೆವೆತುಹೋದಳು. ಕೊನೆಯ ಮಂಚ ಇಟ್ಟು ಸೊಂಟ ನೆಟ್ಟಗೆ ಮಾಡಿ ತಿರುಗಿದರೆ, ಹುಡುಗಿಯರು ಯಾರೂ ಹೇಳದೆಯೇ ತಯಾರಾಗಿ ಬಂದಿದ್ದರು. ಎಲ್ಲರೂ ಸಮವಸ್ತ್ರ ತೊಟ್ಟಿದ್ದರು. ದೊಡ್ಡ ಹುಡುಗಿಯೊಬ್ಬಳು ಟ್ರಂಕಿನಿಂದ ಮಡಿಕೆ ಮುರಿಯದ ಚಾದರಗಳನ್ನು ತೆಗೆದು ಹಂಚುತ್ತಿದ್ದಳು. ಚಕಚಕನೆ ಹಾಸಿದರು, ಸುಕ್ಕು ತೀಡಿದರು, ತಂತಮ್ಮ ಮಂಚದ ತಲೆದೆಸೆಗೆ ನಿಂತು ಕೈ ಮುಗಿದರು.

"ನಮಸ್ಕಾರ್ರಿ!"

ಮಂಚ ಬಂದವೆಂದರೆ ತಪಾಸಣೆ. ಅವರಿಗೆ ಕಲಿಸಿದ್ದು ಅಷ್ಟೇ. ಹೊನ್ನೇಶನ ಎದುರು ಬಾರದ ಕಣ್ಣೀರು ಅನುರಾಧಾಳಿಗೆ ಇಲ್ಲಿ ಬಂತು, ಅದೂ ಸಿಟ್ಟಿನದೇ. "ತಪಾಸಣಿ ಇಲ್ಲವ್ವಾ. ನಾ ನೋಡಾಕ ಬಂದಿಲ್ಲ. ಉಣ್ಣರಿ, ಮಲಕೋರಿ. ಇವು ನಿಮ್ಮವ" ಅಂದಳು.

ಹುಡುಗಿಯರು ಉಂಡು ಬಂದರು. ಬಂದವರು ಚಾದರಗಳನ್ನು ಮೊದಲಿನಂತೆ ಮಡಿಚಿ ಟ್ರಂಕಿಗೆ ಹಾಕಿದರು. ಆಮೇಲೆ ಮಂಚಗಳ ನಡುನಡುವೆ ನೆಲದ ಮೇಲೆ ತಂತಮ್ಮ ಚಾಪೆ ಬಿಚ್ಚಿದರು.

"ಯಾಕ ಹನಮವ್ವಾ? ಮ್ಯಾಲ ಮಲಗು."

ಹುಡುಗಿ ಮಂಚವನ್ನು ಮುಟ್ಟಲಿಲ್ಲ. "ಹೊಲಸಾದ್ರ ಬೈತಾರ್ರಿ. ಹೊಳ್ಳಿ ಯಾವಾಗ ಒಯ್ತೀರ್ರಿ?"

"ಒಯ್ಯೂದಿಲ್ಲ. ಇನ್ನ ಮ್ಯಾಲ ಯಾರೂ ಒಯ್ಯೂದಿಲ್ಲ."

ಹನಮವ್ವ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಉದ್ಧಟತನ ಇರಲಿಲ್ಲ.

"ಹೋದ ಸಲಾನೂ ನೀವು ಹಂಗ ಅಂದಿದ್ರಿ."

ಸೋಮವಾರ ಬರುವ ನೋಟಿಸಿಗೆ ಅನುರಾಧಾಳ ಬಳಿ ಬೇಕಾದಷ್ಟು ಉತ್ತರಗಳಿದ್ದವು, ಇದಕ್ಕೆ ಇರಲಿಲ್ಲ. ಹೊರಗೆ ಹೋಗಿ ಶಕೀಲನಿಗೆ, "ನೀ ನಡಿಯಪ್ಪಾ. ರೋಹಿಣಿಗೆ ಹೇಳು, ಅತ್ತಿ ನಾಳಿ ಅಲ್ಲ, ನಾಡದು ಬರ್ತಾಳಂತ" ಅಂದಳು. ಒಳಗೆ ಬಂದು ಹನಮವ್ವನ ಚಾಪೆಯನ್ನು ಎತ್ತಿಕೊಂಡಳು. ಅದನ್ನು ಬಾಗಿಲಿಗೆ ಅಡ್ಡಲಾಗಿ, ಹೊಸ್ತಿಲಿಗೆ ಒತ್ತಿ ಹಾಸಿ, ಮದುವೆಯ ರೇಷ್ಮೆ ಸೀರೆಯಲ್ಲೇ ಅದರ ಮೇಲೆ ಮಲಗಿದಳು. ಇನ್ನು ಯಾರೇ ಮಂಚ ಒಯ್ಯಲಿ, ಅವಳನ್ನು ದಾಟಿಯೇ ಒಯ್ಯಬೇಕು. ಬಂಡೆಗಲ್ಲು ಚಾಪೆಯ ಮೂಲಕವೂ ತಣ್ಣಗೆ ಬೆನ್ನಿಗೆ ಹತ್ತಿತು.

ಚಾಪೆ ಕಳೆದುಕೊಂಡ ಹನಮವ್ವ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಮಂಚದ ಅಂಚಿಗೆ ಕೂತಳು. ಆಮೇಲೆ ಮಲಗಿದಳು. ಅವಳನ್ನು ನೋಡಿ ಒಬ್ಬೊಬ್ಬರೇ ಎದ್ದು ತಂತಮ್ಮ ಮಂಚ ಹತ್ತಿದರು. ಹನಮವ್ವ ನಿದ್ದೆ ಹೋದ ಮೇಲೂ ಅವಳ ಒಂದು ಕೈ ತಲೆದೆಸೆಯ ಕಬ್ಬಿಣದ ಪಟ್ಟಿಯನ್ನು ಬಿಟ್ಟಿರಲಿಲ್ಲ.